ಮನೆಯ ಚಾಕೊಲೇಟ್ ಕೇಕ್: ಹೆದರಿಕೆ ಬೇಡ, ಅಳತೆ ಇರಲಿ

ಕಳೆದ ಮಳೆಗಾಲದ ಒಂದು ರಾತ್ರಿ. ಗದುಗಿನ ನನ್ನ ದವಾಖಾನೆಯ ಬಾಗಿಲು ಹಾಕಿ ಮನೆಗೆ ಬಂದು ಒಂದು ಗಂಟೆಯಾಗಿತ್ತು. ಹನ್ನೊಂದರ ಸುಮಾರಿಗೆ ಮನೆಯ ಮುಂದೆ ಟಂಟಂ ಬಂದು ನಿಂತ ಸದ್ದಾಯಿತು. ಹಿರೇಹಂದಿಗೋಳದವರು. ಒಳಗೆ ಸೊಸೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಅಜ್ಜಿ, ನನ್ನಲ್ಲಿ ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿರುವವರು. ಮೈಯೆಲ್ಲ ಬೆವರಿ ಸೀರೆ ತೊಯ್ದಿತ್ತು. ಕೈ ನಡುಗುತ್ತಿತ್ತು. ಕರೆದರೆ ಓ ಎನ್ನುತ್ತಿದ್ದರು, ಆದರೆ ಮಾತು ತೊದಲುತ್ತಿತ್ತು.

"ಶುಗರ್ ಏರೇತ್ರಿ ಡಾಕ್ಟ್ರ, ಕೇಕ್ ತಿಂದಾರ" ಎಂದಳು ಸೊಸೆ, ಅಳುತ್ತ. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಯಂತ್ರದಲ್ಲಿ ನೋಡಿದೆ. ಏರಿರಲಿಲ್ಲ. 46ಕ್ಕೆ ಇಳಿದಿತ್ತು! ನುಂಗಲು ಶಕ್ತಿಯಿದ್ದುದರಿಂದ ಮೂರು ಚಮಚ ಗ್ಲೂಕೋಸ್ ನೀರಿನಲ್ಲಿ ಕದಡಿ ಕುಡಿಸಿದೆ. ಹದಿನೈದು ನಿಮಿಷದ ಮೇಲೆ 82 ಬಂತು. ಅಜ್ಜಿ ಕಣ್ಣು ಬಿಟ್ಟು ಸೆರಗು ಸರಿಮಾಡಿಕೊಂಡರು.

ಆಮೇಲೆ ನಿಧಾನವಾಗಿ ವಿಚಾರಿಸಿದೆ. ಅಂದು ಮೊಮ್ಮಗಳ ಹುಟ್ಟುಹಬ್ಬ. ಕಾಲೇಜಿಗೆ ಹೋಗುವ ಹುಡುಗಿ ತಾನೇ ಒಲೆಯ ಮೇಲೆ ಚಾಕೊಲೇಟ್ ಕೇಕ್ ಮಾಡಿದ್ದಳು. ಎಲ್ಲರೂ ತಿನ್ನುವಾಗ ಅಜ್ಜಿ ಬೇಡವೆಂದರು. ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋದಾಗ ಒಂದು ತುಂಡು ತೆಗೆದುಕೊಂಡು ಅಡುಗೆಮನೆಯ ಬಾಗಿಲ ಹಿಂದೆ ನಿಂತು ತಿಂದರು.

"ನೀವು ಸಿಹಿ ಮುಟ್ಟಬ್ಯಾಡ ಅಂದಿದ್ರಿ. ಮುಟ್ಟಿಬಿಟ್ಟೆ. ಲೆಕ್ಕ ಸರಿಹೋಗ್ಲಿ ಅಂತ ರಾತ್ರಿ ರೊಟ್ಟಿ ಬಿಟ್ಟೆ ನೋಡ್ರಿ" ಎಂದರು.

"ಗುಳಿಗಿ ತಗೊಂಡ್ರೇನ್ ಅಜ್ಜಿ?"

"ಗುಳಿಗಿ ಮಾತ್ರ ಎಂದೂ ತಪ್ಪಸಂಗಿಲ್ರಿ."

ಓದುಗರೇ, ಆ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಒಂಬತ್ತು ವರ್ಷಗಳ ಹಿಂದೆ ಚೀಟಿಯಲ್ಲಿ "ಸಿಹಿ ಸಂಪೂರ್ಣ ಬಂದ್" ಎಂದು ಬರೆದವನು ನಾನೇ. ಎಷ್ಟು ತಿನ್ನಬಹುದು, ಯಾವಾಗ ತಿನ್ನಬಹುದು, ತಿಂದುಬಿಟ್ಟರೆ ಏನು ಮಾಡಬೇಕು ಎಂದು ಒಂದು ದಿನವೂ ಕೂಡಿಸಿ ಹೇಳಿರಲಿಲ್ಲ. ಈ ವಾರದ ಲೇಖನ ಆ ತಪ್ಪಿನ ತಿದ್ದುಪಡಿ ಎಂದುಕೊಳ್ಳಿ.

ಆ ರಾತ್ರಿ ಆದದ್ದೇನು?

ಸಕ್ಕರೆ ಕಾಯಿಲೆಗೆ ಕೊಡುವ ಕೆಲವು ಗುಳಿಗೆಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೆಚ್ಚು ಸುರಿಯುವಂತೆ ಮಾಡುತ್ತವೆ. ಗ್ಲಿಮೆಪಿರೈಡ್, ಗ್ಲಿಬೆಂಕ್ಲಮೈಡ್, ಗ್ಲಿಕ್ಲಜೈಡ್ ಈ ಜಾತಿಗೆ ಸೇರಿದವು. ಊಟ ಬರುತ್ತದೆ ಎಂಬ ನಂಬಿಕೆಯ ಮೇಲೆ ಇವು ಕೆಲಸ ಮಾಡುತ್ತವೆ. ಗುಳಿಗೆ ನುಂಗಿ ಊಟ ಬಿಟ್ಟರೆ ರಕ್ತದಲ್ಲಿರುವ ಸಕ್ಕರೆಯೇ ಇಳಿಯುತ್ತ ಹೋಗುತ್ತದೆ. ಮಿದುಳಿಗೆ ಮುಖ್ಯ ಇಂಧನ ಆ ಸಕ್ಕರೆಯೇ. ಅದು 70 ಮಿಲಿಗ್ರಾಂಗಿಂತ ಕೆಳಗೆ ಹೋದರೆ ಬೆವರು, ನಡುಕ, ಎದೆ ಡವಗುಟ್ಟುವುದು, ತಲೆ ಸುತ್ತುವುದು ಶುರುವಾಗುತ್ತದೆ. ಇನ್ನೂ ಇಳಿದರೆ ತೊದಲು, ಗೊಂದಲ, ಕೊನೆಗೆ ಪ್ರಜ್ಞೆ ತಪ್ಪುವುದು. ಇನ್ಸುಲಿನ್ ಚುಚ್ಚುಮದ್ದು ತೆಗೆದುಕೊಳ್ಳುವವರಿಗೂ ಇದೇ ಮಾತು.

ಮಧ್ಯಾಹ್ನದ ಕೇಕಿನ ಸಕ್ಕರೆ ರಾತ್ರಿಯ ಹೊತ್ತಿಗೆ ಕರಗಿ ಹೋಗಿತ್ತು. ಅಜ್ಜಿಗೆ ತೊಂದರೆಯಾದದ್ದು ಬಿಟ್ಟ ರೊಟ್ಟಿಯಿಂದ.

ಇಲ್ಲಿ ಒಂದು ವಿಷಯ ನೆನಪಿಡಿ. ಸಕ್ಕರೆ ಇಳಿದಾಗ ಬೇಕಾಗುತ್ತದೆಂದು ಅನೇಕರು ಜೇಬಿನಲ್ಲಿ ಚಾಕೊಲೇಟ್ ಇಟ್ಟುಕೊಳ್ಳುತ್ತಾರೆ. ಅದು ಸರಿಯಲ್ಲ. ಚಾಕೊಲೇಟಿನಲ್ಲಿ ಕೊಬ್ಬು ಬಹಳ. ಕೊಬ್ಬಿದ್ದರೆ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಆ ಹೊತ್ತಿಗೆ ಬೇಕಾದದ್ದು ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಕದಡಿದ ನೀರು. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಏರಿರದಿದ್ದರೆ ಇನ್ನೊಮ್ಮೆ ಕೊಡಿ. ಸುಧಾರಿಸಿದ ಮೇಲೆ ಊಟ ಕೊಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ. ಅದು ಶ್ವಾಸಕೋಶಕ್ಕೆ ಇಳಿಯಬಹುದು. ಕೂಡಲೇ ಆಸ್ಪತ್ರೆಗೆ ಕರೆತನ್ನಿ. ಈ ಗುಳಿಗೆಗಳ ಪ್ರಭಾವ ಬಹಳ ಹೊತ್ತು ಇರುವುದರಿಂದ ಸಕ್ಕರೆ ಮತ್ತೆ ಇಳಿಯಬಹುದು. ಅದಕ್ಕೇ ಆ ಅಜ್ಜಿಯನ್ನು ಬೆಳಗಿನವರೆಗೆ ಕಳಿಸಲಿಲ್ಲ.

ಚಾಕೊಲೇಟ್ ಎಂದರೆ ಏನು?

ಇನ್ನು ಕೇಕಿನ ವಿಚಾರ. ಚಾಕೊಲೇಟ್ ಎಂದರೆ ದೂರದ ದೇಶದ ಪದಾರ್ಥ ಎಂದು ನಮ್ಮ ಸೀಮೆಯವರು ತಿಳಿಯುವುದುಂಟು. ಕೋಕೋ ಗಿಡದ ತವರು ಅಮೆರಿಕ ಖಂಡವೆಂಬುದು ನಿಜ. ಅಲ್ಲಿನ ಹಳೆಯ ಜನ ಅದನ್ನು ಸಕ್ಕರೆಯಿಲ್ಲದೆ, ಕಹಿಯಾಗಿ, ಕೆಲವೊಮ್ಮೆ ಮೆಣಸಿನಕಾಯಿ ಹಾಕಿ ಕುಡಿಯುತ್ತಿದ್ದರು. ಆದರೆ ಇಂದು ಕೋಕೋ ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿಯೂ ಬೆಳೆಯುತ್ತದೆ. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ, ಕೋಕೋ ಕೊಳ್ಳುವವರಿಲ್ಲದೆ ರೈತರು ಕಂಗಾಲಾದಾಗ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಆರಂಭಿಸಿತು. 1905ರಲ್ಲಿ ಸಹಕಾರ ಸಂಘ ಕಟ್ಟಿದ ಕಣಗಿನಹಾಳ ನಮ್ಮ ಗದಗ ತಾಲ್ಲೂಕಿನದೇ ಆದ್ದರಿಂದ ಈ ಸಂಗತಿ ನಮಗೆ ಹೊರಗಿನದೆನಿಸಬೇಕಾಗಿಲ್ಲ.

ಕೋಕೋ ಬೀಜವನ್ನು ಕೆಲವು ದಿನ ಹುದುಗಿಸಿ, ಒಣಗಿಸಿ, ಹುರಿದು ಅರೆಯುತ್ತಾರೆ. ಹಿಂಡಿ ಬೆಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯ ಪುಡಿಯೇ ಕೋಕೋ ಪುಡಿ. ಅದು ಕಹಿ. ಅದರಲ್ಲಿ ನಾರು, ಕಬ್ಬಿಣ, ಮೆಗ್ನೀಸಿಯಂ ಇವೆ. ಫ್ಲೇವನಾಲ್ ಎಂಬ ಪದಾರ್ಥಗಳೂ ಇವೆ. ಇವು ರಕ್ತನಾಳಗಳನ್ನು ಸ್ವಲ್ಪ ಸಡಿಲಗೊಳಿಸುತ್ತವೆ.

ಹಾಗಾದರೆ ಚಾಕೊಲೇಟ್ ಹೃದಯಕ್ಕೆ ಔಷಧವೇ? ಹಾಗೆಂದು ಆಗಾಗ ಸುದ್ದಿ ಬರುತ್ತದೆ. ಅಮೆರಿಕದಲ್ಲಿ ಸುಮಾರು 21 ಸಾವಿರ ಹಿರಿಯರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಅವರಿಗೆ ಕೊಟ್ಟದ್ದು ಕೋಕೋ ಸಾರದ ಮಾತ್ರೆ, ಚಾಕೊಲೇಟ್ ಅಲ್ಲ. ಆದರೂ ಹೃದಯಾಘಾತ, ಪಾರ್ಶ್ವವಾಯು ಮೊದಲಾದವುಗಳ ಒಟ್ಟು ಸಂಖ್ಯೆ ಖಚಿತವಾಗಿ ಕಡಿಮೆಯಾಯಿತೆಂದು ಹೇಳುವಂತಾಗಲಿಲ್ಲ. ಹೃದಯರೋಗದ ಸಾವು ಸ್ವಲ್ಪ ಕಡಿಮೆ ಕಂಡಿತಾದರೂ ಅದರಿಂದ ಕೊನೆಯ ತೀರ್ಮಾನಕ್ಕೆ ಬರಲಾಗದು. ಆದ್ದರಿಂದ ಚಾಕೊಲೇಟನ್ನು ಔಷಧವೆಂದು ತಿನ್ನಬೇಡಿ. ವಿಷವೆಂದು ಬಿಡಬೇಡಿ. ಅದು ಒಂದು ಸಿಹಿ ತಿಂಡಿ, ಅಷ್ಟೇ.

ಅಂಗಡಿಯಲ್ಲಿ ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ. ಪಟ್ಟಿಯಲ್ಲಿ ಮೊದಲು ಬರೆದ ಪದಾರ್ಥವೇ ಒಳಗೆ ಹೆಚ್ಚಿರುತ್ತದೆ. ಹಾಲಿಗೆ ಬೆರೆಸುವ ಚಾಕೊಲೇಟ್ ಪುಡಿಯಲ್ಲಿ ಬಹುತೇಕ ಸಕ್ಕರೆಯೇ ಮೊದಲು. ಬೇಕರಿಯವರು 'ಕಾಂಪೌಂಡ್' ಎನ್ನುವ ಗಟ್ಟಿಯಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ. ಮನೆಯ ಕೇಕಿಗೆ ಸಕ್ಕರೆ ಬೆರೆಸದ ಬರೀ ಕೋಕೋ ಪುಡಿಯೇ ಒಳ್ಳೆಯದು. ಆಗ ಸಿಹಿ ಎಷ್ಟಿರಬೇಕೆಂಬುದು ನಿಮ್ಮ ಕೈಯಲ್ಲಿರುತ್ತದೆ.

ಒಂದು ತುಂಡಿನ ಲೆಕ್ಕ

ಮೊಮ್ಮಗಳು ಮಾಡಿದ ಕೇಕಿನ ಅಳತೆ ಕೇಳಿದೆ. ಒಂದೂವರೆ ಬಟ್ಟಲು ಮೈದಾ, ಒಂದು ಬಟ್ಟಲು ಸಕ್ಕರೆ, ಅರ್ಧ ಬಟ್ಟಲು ಎಣ್ಣೆ, ಕಾಲು ಬಟ್ಟಲು ಕೋಕೋ, ಒಂದು ಬಟ್ಟಲು ಮೊಸರು. ಎಲ್ಲರ ಮನೆಯಲ್ಲೂ ಹೆಚ್ಚುಕಡಿಮೆ ಇದೇ ಅಳತೆ. ಒಂದು ಬಟ್ಟಲು ಸಕ್ಕರೆ ಸುಮಾರು 200 ಗ್ರಾಂ. ಇಡೀ ಕೇಕಿನಲ್ಲಿ ಸುಮಾರು 2,500 ಕ್ಯಾಲೊರಿ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ, ನಾವು ಬೇರೆಯಾಗಿ ಸೇರಿಸಿಕೊಳ್ಳುವ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆಯಿರಬೇಕು. ಶೇಕಡಾ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. 2,000 ಕ್ಯಾಲೊರಿ ಉಣ್ಣುವವರಿಗೆ ಶೇಕಡಾ 5 ಎಂದರೆ 25 ಗ್ರಾಂ, ಅಂದರೆ ಐದು ಚಮಚ.

ಈಗ ಕೇಕನ್ನು ಎಂಟು ತುಂಡು ಮಾಡಿ. ಒಂದೊಂದರಲ್ಲಿ 25 ಗ್ರಾಂ ಸಕ್ಕರೆ. ಒಂದೇ ತುಂಡಿಗೆ ದಿನದ ಪಾಲು ಮುಗಿಯಿತು! ಅದೇ ಕೇಕನ್ನು ಹದಿನಾರು ತುಂಡು ಮಾಡಿದರೆ 12 ಗ್ರಾಂ ಚಿಲ್ಲರೆ. ಚಾಕುವಿನ ಇನ್ನೆರಡು ಗೆರೆಗಳಿಂದ ಅರ್ಧ ತೊಂದರೆ ಪರಿಹಾರವಾಗುತ್ತದೆ.

ಇನ್ನೊಂದು ಲೆಕ್ಕವನ್ನೂ ನೋಡಿ. ನಮ್ಮಲ್ಲಿ ದಿನಕ್ಕೆ ನಾಲ್ಕು ಸಲ ಚಹಾ ಕುಡಿಯುವವರು ಬೇಕಾದಷ್ಟು ಮಂದಿ. ಒಂದು ಕಪ್ಪಿಗೆ ಎರಡು ಚಮಚ ಸಕ್ಕರೆ ಹಾಕಿದರೆ 40 ಗ್ರಾಂ ಆಯಿತು. ಇದು ದಿನಾಲೂ, ವರ್ಷದ 365 ದಿನವೂ. ವರ್ಷಕ್ಕೆ ನಾಲ್ಕು ಸಲ ಬರುವ ಹುಟ್ಟುಹಬ್ಬದ ಕೇಕನ್ನು ಬೈಯುವ ಮೊದಲು ಈ ಚಹಾದ ಕಡೆ ನೋಡಿ.

"ಬೆಲ್ಲ ಹಾಕಿದರೆ ನಡೆಯುತ್ತದಲ್ಲವೇ?" ಇದು ದಿನವೂ ಕೇಳಿಬರುವ ಪ್ರಶ್ನೆ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲವೂ ಒಂದೇ, ಸಕ್ಕರೆಯೂ ಒಂದೇ. ಜೇನುತುಪ್ಪವೂ ಅದೇ ಲೆಕ್ಕಕ್ಕೆ ಬರುತ್ತದೆ. ರುಚಿಗಾಗಿ ಬೆಲ್ಲ ಬಳಸಿ, ಬೇಡವೆನ್ನುವುದಿಲ್ಲ. ಆದರೆ ಬೆಲ್ಲವೆಂದು ಇನ್ನೊಂದು ತುಂಡು ತಿನ್ನಬೇಡಿ.

ಅಳತೆ ತಿದ್ದಿದ ಕೇಕ್

ಆ ಹುಡುಗಿಗೆ ಹೊಸ ಅಳತೆ ಬರೆದುಕೊಟ್ಟೆ. ನನ್ನ ಮನೆಯಲ್ಲಿಯೂ ಮಾಡಿ ನೋಡಿದ್ದೇವೆ.

ಗೋಧಿ ಹಿಟ್ಟು ಒಂದೂವರೆ ಬಟ್ಟಲು, ಕೋಕೋ ಪುಡಿ ಕಾಲು ಬಟ್ಟಲು, ಸಕ್ಕರೆ ಅರ್ಧ ಬಟ್ಟಲಿಗಿಂತ ತುಸು ಹೆಚ್ಚು (120 ಗ್ರಾಂ), ಎಣ್ಣೆ ಮೂರರಲ್ಲಿ ಒಂದು ಪಾಲು ಬಟ್ಟಲು, ಹುಳಿಯಿಲ್ಲದ ಮೊಸರು ಒಂದು ಬಟ್ಟಲು, ಹಾಲು ಸುಮಾರು ಅರ್ಧ ಬಟ್ಟಲು, ಬೇಕಿಂಗ್ ಪೌಡರ್ ಒಂದು ಚಮಚ, ಅಡುಗೆ ಸೋಡಾ ಅರ್ಧ ಚಮಚ, ಚಿಟಿಕೆ ಉಪ್ಪು. ಮೇಲೆ ಉದುರಿಸಲು ಹುರಿದು ಒಡೆದ ಶೇಂಗಾ ಒಂದು ಹಿಡಿ.

ಹಿಟ್ಟು, ಕೋಕೋ, ಸೋಡಾ, ಪೌಡರ್, ಉಪ್ಪುಗಳನ್ನು ಕೂಡಿಸಿ ಎರಡು ಸಲ ಜರಡಿ ಹಿಡಿಯಿರಿ. ಮೊಸರಿನಲ್ಲಿ ಸಕ್ಕರೆ ಕರಗಿಸಿ ಎಣ್ಣೆ ಬೆರೆಸಿ. ಎರಡನ್ನೂ ಸೇರಿಸಿ, ದೋಸೆ ಹಿಟ್ಟಿಗಿಂತ ಗಟ್ಟಿಯಾಗಿರುವಂತೆ ಹಾಲು ಹಾಕಿ ಕಲಸಿ. ಬಹಳ ಹೊತ್ತು ತಿರುವಬೇಡಿ, ಕೇಕ್ ಗಟ್ಟಿಯಾಗುತ್ತದೆ. ಮೊಸರಿನ ಹುಳಿ ಮತ್ತು ಸೋಡಾ ಸೇರಿ ಗಾಳಿಗುಳ್ಳೆ ಏಳುವುದರಿಂದ ಕಲಸಿದ ಹಿಟ್ಟನ್ನು ಕಾಯಿಸದೆ ಕೂಡಲೇ ಬೇಯಲು ಇಡಬೇಕು. ಎಣ್ಣೆ ಸವರಿದ ಡಬ್ಬಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ ಬರುವಷ್ಟು ಮಾತ್ರ ತುಂಬಿ.

ಇದನ್ನು ಹದಿನಾರು ತುಂಡು ಮಾಡಿದರೆ ಒಂದರಲ್ಲಿ ಸಕ್ಕರೆ ಏಳೂವರೆ ಗ್ರಾಂ. ಎರಡು ಚಮಚ ಹಾಕಿದ ಒಂದು ಕಪ್ ಚಹಾಕ್ಕಿಂತ ಕಡಿಮೆ. ಕ್ಯಾಲೊರಿ ಸುಮಾರು 120. ಮೇಲೆ ಕ್ರೀಮ್ ಬಳಿಯಬೇಡಿ. ಬಳಿದರೆ ಈ ಲೆಕ್ಕವೆಲ್ಲ ವ್ಯರ್ಥ. ಡಾಲ್ಡಾ, ಮಾರ್ಗರಿನ್‌ ಹಾಕುವ ರೂಢಿಯಿದ್ದರೆ ಬಿಡಿ. ಅವುಗಳಲ್ಲಿದ್ದ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದೆಂಬ ಕಾರಣಕ್ಕೇ 2022ರಿಂದ ನಮ್ಮ ದೇಶದಲ್ಲಿ ಅದಕ್ಕೆ ಶೇಕಡಾ 2ರ ಮಿತಿ ಹಾಕಲಾಗಿದೆ.

ಬೇಯಿಸುವಾಗ ಎಚ್ಚರ

ಓವನ್ ಇಲ್ಲದ ಮನೆಗಳಲ್ಲಿ ಕುಕ್ಕರಿಗೆ ಮರಳು ಹಾಕಿ ಕೇಕ್ ಮಾಡುತ್ತಾರೆ. ಕಾದ ಮರಳಿನ ಉಪಯೋಗ ನಮಗೆ ಹೊಸದೇನಲ್ಲ. ಚುರಮರಿ ಭಟ್ಟಿಯಲ್ಲಿ ನೋಡಿದ್ದೇವೆ. ಆದರೆ ನೀರಿಲ್ಲದೆ ಕುಕ್ಕರ್ ಕಾಯಿಸಿದರೆ ಅದರ ಸುರಕ್ಷಾ ಕವಾಟ ಹಾಳಾಗಬಹುದು. ಅದೇ ಕುಕ್ಕರಿನಲ್ಲಿ ಮರುದಿನ ಬೇಳೆ ಬೇಯಿಸುವುದು ಅಪಾಯ. ಅದರ ಬದಲು ದಪ್ಪ ತಳದ ಬಾಣಲೆ ಅಥವಾ ಹಳೆಯ ಪಾತೇಲಿ ತೆಗೆದುಕೊಳ್ಳಿ. ಒಂದು ಬೆರಳಿನಷ್ಟು ದಪ್ಪ ಉಪ್ಪು ಅಥವಾ ತೊಳೆದು ಒಣಗಿಸಿದ ಮರಳು ಹಾಸಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆಮೇಲೆ ಡಬ್ಬಿ ಇಟ್ಟು, ಸಣ್ಣ ಉರಿಯಲ್ಲಿ 40ರಿಂದ 45 ನಿಮಿಷ ಬೇಯಿಸಿ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟದೆ ಬರಬೇಕು.

ಬೆಂದ ಮೇಲೂ ಆ ಮರಳು ಬಹಳ ಹೊತ್ತು ಕಾದೇ ಇರುತ್ತದೆ. ಪಾತ್ರೆಯನ್ನು ಮಕ್ಕಳ ಕೈಗೆ ಸಿಗುವಂತೆ ನೆಲದ ಮೇಲೆ ಇಡಬೇಡಿ. ಕೈ ಸುಟ್ಟರೆ ಹಲ್ಲುಪುಡಿ, ಶಾಯಿ, ಅರಿಸಿನ ಬಳಿಯಬೇಡಿ. ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ.

ಯಾರಿಗೆ, ಎಷ್ಟು?

*ಸಕ್ಕರೆ ಕಾಯಿಲೆಯವರು:* ಕಾಯಿಲೆ ಹತೋಟಿಯಲ್ಲಿದ್ದರೆ, ನಿಮ್ಮ ವೈದ್ಯರನ್ನು ಕೇಳಿಕೊಂಡು, ಹಬ್ಬ ಹುಟ್ಟುಹಬ್ಬಕ್ಕೆ ಒಂದು ಸಣ್ಣ ತುಂಡು ತಿನ್ನಬಹುದು. ಹಸಿದ ಹೊಟ್ಟೆಯಲ್ಲಿ ಬೇಡ. ಪಲ್ಯ, ಬೇಳೆ, ಸೊಪ್ಪು ಇರುವ ಊಟದ ಕೊನೆಗೆ ತಿನ್ನಿ. ಆಗ ಸಕ್ಕರೆ ನಿಧಾನವಾಗಿ ಏರುತ್ತದೆ. ಆ ಊಟದಲ್ಲಿ ಅನ್ನವನ್ನು ತುಸು ಕಡಿಮೆ ಮಾಡಿ, ಆದರೆ ಊಟವನ್ನೇ ಬಿಡಬೇಡಿ. ಉಂಡ ಮೇಲೆ ಕಾಲು ಗಂಟೆ ಅಡ್ಡಾಡಿ.

*ಮಕ್ಕಳು:* ಎರಡು ವರ್ಷದೊಳಗಿನವರಿಗೆ ಸಕ್ಕರೆಯ ತಿಂಡಿಯೇ ಬೇಡ. ದೊಡ್ಡ ಮಕ್ಕಳಿಗೆ ಒಂದು ತುಂಡನ್ನು ದಿನವಿಡೀ ಚೂರು ಚೂರಾಗಿ ಕೊಡುವ ಬದಲು ಊಟದ ಜೊತೆ ಒಮ್ಮೆಗೇ ಕೊಡಿ. ಬಾಯಲ್ಲಿ ಸಿಹಿ ಎಷ್ಟು ಸಲ ಇರುತ್ತದೆಂಬುದು ಹಲ್ಲಿನ ಹುಳುಕಿಗೆ ಬಹಳ ಮುಖ್ಯ. ಆಮೇಲೆ ಬಾಯಿ ಮುಕ್ಕಳಿಸಲಿ, ಮಲಗುವ ಮುನ್ನ ಹಲ್ಲುಜ್ಜಲಿ.

*ರಕ್ತ ಕಡಿಮೆ ಇರುವವರು:* ಕಬ್ಬಿಣದ ಗುಳಿಗೆಯನ್ನು ಚಹಾ, ಕಾಫಿ, ಕೋಕೋ ಹಾಲಿನ ಜೊತೆ ನುಂಗಬೇಡಿ. ಕಬ್ಬಿಣ ಮೈಗೆ ಹತ್ತುವುದಿಲ್ಲ.

*ಎದೆಯುರಿ ಇರುವವರು:* ರಾತ್ರಿ ಮಲಗುವ ಹೊತ್ತಿಗೆ ಚಾಕೊಲೇಟ್ ತಿಂದರೆ ಉರಿ ಹೆಚ್ಚಾಗಬಹುದು.

*ಮೂತ್ರಪಿಂಡದ ಕಾಯಿಲೆಯವರು:* ಕೋಕೋದಲ್ಲಿ ಪೊಟ್ಯಾಸಿಯಂ ಇದೆ. ವೈದ್ಯರನ್ನು ಕೇಳದೆ ತಿನ್ನಬೇಡಿ.

ಕೊನೆಗೊಂದು ಮಾತು: ಉಳಿದ ತುಂಡನ್ನು ಮನೆಯ ನಾಯಿಗೆ ಹಾಕಬೇಡಿ. ಕೋಕೋದಲ್ಲಿರುವ ಥಿಯೋಬ್ರೋಮಿನ್ ನಾಯಿಗೆ ವಿಷ.

ಕದ್ದು ತಿನ್ನಬೇಡಿ, ಕೂತು ತಿನ್ನಿ

ನಮ್ಮ ಎರಿ ಭೂಮಿಯ ಊರುಗಳಲ್ಲಿ ಎಳ್ಳ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುವುದನ್ನು ನೀವು ಬಲ್ಲಿರಿ. ಸಜ್ಜಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹೋಳಿಗೆ, ಕರಿಗಡಬು ಎಲ್ಲವೂ ಬುತ್ತಿಯಲ್ಲಿರುತ್ತವೆ. ಮೊದಲು ಭೂಮಿತಾಯಿಗೆ, ಆಮೇಲೆ ನೆರೆಹೊಲದವರಿಗೆ, ಕೊನೆಗೆ ನಮಗೆ. ಗಿಡದ ನೆರಳಿನಲ್ಲಿ ವರ್ತುಲವಾಗಿ ಕುಳಿತು, ಮಾತನಾಡುತ್ತ, ನಿಧಾನವಾಗಿ ಉಣ್ಣುತ್ತೇವೆ. ಆ ಊಟದಲ್ಲಿ ಸಿಹಿ ಇತ್ತು, ಎಣ್ಣೆ ಇತ್ತು. ಆದರೆ ಅದಕ್ಕೊಂದು ದಿನವಿತ್ತು, ಹಂಚಿ ತಿನ್ನುವ ರೂಢಿಯಿತ್ತು, ಹಿಂದೆ ಮುಂದೆ ನಡಿಗೆಯಿತ್ತು. ಈಗ ದಿನವೂ ಹಬ್ಬದ ತಿಂಡಿ ಸಿಗುತ್ತದೆ. ಮೊಬೈಲ್ ನೋಡುತ್ತ, ಎಷ್ಟು ತಿಂದೆವೆಂಬುದೇ ತಿಳಿಯದಂತೆ ತಿನ್ನುತ್ತೇವೆ.

ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ಮುಟ್ಟಲು ಸ್ವಲ್ಪ ಸಮಯ ಬೇಕು. ಬಾಗಿಲ ಹಿಂದೆ ಗಬಗಬನೆ ತಿನ್ನುವವರಿಗೆ ಆ ಸಮಯವೂ ಸಿಗುವುದಿಲ್ಲ, ತಿಂದ ಸುಖವೂ ಸಿಗುವುದಿಲ್ಲ. ಉಳಿಯುವುದು ತಪ್ಪು ಮಾಡಿದೆನೆಂಬ ಭಾವನೆಯೊಂದೇ. ಆ ಭಾವನೆಯಿಂದ ಊಟ ಬಿಡುವುದು, ಮರುದಿನ ಹಸಿದು ಹೆಚ್ಚು ತಿನ್ನುವುದು, ವೈದ್ಯರ ಹತ್ತಿರ ಸುಳ್ಳು ಹೇಳುವುದು ಶುರುವಾಗುತ್ತದೆ. ರೋಗಿ ನಿಜ ಹೇಳದಿದ್ದರೆ ನಾವು ಔಷಧದ ಅಳತೆ ತಪ್ಪುತ್ತೇವೆ.

ಮನೆಯವರಿಗೂ ನನ್ನದೊಂದು ವಿನಂತಿ. ಹಿರಿಯರ ತಟ್ಟೆ ಕಾಯುವ ಪೊಲೀಸರಾಗಬೇಡಿ. ಸಣ್ಣ ತುಂಡನ್ನು ನೀವೇ ಬಡಿಸಿ, ಜೊತೆಗೆ ಕುಳಿತು ತಿನ್ನಿ.

ಅಜ್ಜಿಯ ಗುಳಿಗೆಯನ್ನು ಬದಲಿಸಿದ್ದೇನೆ. ಚೀಟಿಯಲ್ಲಿ ಈಗ "ಸಿಹಿ ಬಂದ್" ಇಲ್ಲ. "ಊಟ ಬಿಡಬಾರದು. ಸಿಹಿ ತಿಂದರೆ ಮನೆಯವರಿಗೆ ಹೇಳಿ ತಿನ್ನಬೇಕು" ಎಂದಿದೆ. ಹೋದ ತಿಂಗಳು ತಪಾಸಣೆಗೆ ಬಂದಾಗ ಅಜ್ಜಿಯ ಮೂರು ತಿಂಗಳ ಸರಾಸರಿ ಹಿಂದಿಗಿಂತ ಸುಧಾರಿಸಿತ್ತು. ಮೊಮ್ಮಗಳು ಹೊಸ ಅಳತೆಯ ಕೇಕ್ ತಂದಿದ್ದಳು. ನನಗೊಂದು ತುಂಡು ಕೊಟ್ಟು ಅಜ್ಜಿ ತಾವೂ ಒಂದು ತೆಗೆದುಕೊಂಡರು.

"ಊಟ ಆಗೇತ್ರಿ, ರೊಟ್ಟಿ ಉಂಡ ಬಂದೀನಿ" ಎಂದು ನಾನು ಕೇಳುವ ಮೊದಲೇ ಹೇಳಿದರು. "ಸಿಹಿ ಸ್ವಲ್ಪ ಕಡಿಮಿ ಆತು, ಆದ್ರ ಎಲ್ಲಾರ ಮುಂದ ತಿನ್ನಾಕ ಚೊಲೊ ಅನಸ್ತದ."